ಸೊಂಟದ ನೋವು, ರಕ್ತದ ಕಾಯಿಲೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಗುಂಡ್ಲುಪೇಟೆ ತಾಲೂಕಿನ ಬಂಡೀಪುರ ಅಂಚಿನ ಜೇನುಕುರುಬರ ಹಾಡಿಗಳಲ್ಲಿ ಹರೆಯದ ಹುಡುಗನೊಬ್ಬ ಕುಂಟುತ್ತಾ ನಡೆಯುವುದನ್ನು ಕಂಡರೆ, ಜೇನು ಕೀಳಲು ಹೋಗಿ ಮರದಿಂದ ಬಿದ್ದಿರಬೇಕು ಎಂದು ನಾವು ಊಹಿಸುತ್ತೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಪೆಟ್ಟೇ ಆಗದೆ ಸೊಂಟದ ಕೀಲು ಕುಸಿಯುವ ಕಾಯಿಲೆಯೊಂದು ಈ ಸಮುದಾಯಗಳಲ್ಲಿದೆ. ಅದರ ಮೂಲ ರಕ್ತದಲ್ಲಿದೆ.

ಇದು ತಂದೆತಾಯಿಯರಿಬ್ಬರಿಂದಲೂ ಬರುವ ಸಿಕಲ್ ಸೆಲ್ ಕಾಯಿಲೆ. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ತೊಡೆಮೂಳೆಯ ಮೇಲ್ತುದಿಯ ಚೆಂಡಿಗೆ ರಕ್ತ ಪೂರೈಕೆಯಾಗುವ ದಾರಿಗಳು ಮೊದಲೇ ಕಡಿಮೆ. ಅವೂ ಕಟ್ಟಿಕೊಂಡರೆ ಮೂಳೆ ಒಳಗಿನಿಂದ ಸತ್ತು, ಭಾರ ತಾಳಲಾರದೆ ಚಪ್ಪಟೆಯಾಗುತ್ತದೆ. ಹಸುಗೂಸುಗಳಲ್ಲಿ ಕೈಕಾಲು ಬೆರಳುಗಳ ನೋವಿನ ಊತವೇ ಮೊದಲ ಸೂಚನೆಯಾಗಿರಬಹುದು.

ಪತ್ತೆಯಲ್ಲಿ ಎಡವುವುದು ಎರಡು ಕಡೆ. ಸೊಂಟದ ಕೀಲಿನ ನೋವು ಎಷ್ಟೋ ಸಲ ತೊಡೆಸಂದಿಯಲ್ಲಿ, ಇನ್ನೂ ಕೆಲವರಿಗೆ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮಂಡಿಯ ಎಕ್ಸ್‌ರೇ ತೆಗೆದು 'ಏನೂ ಇಲ್ಲ' ಎಂದು ಕಳುಹಿಸುವುದುಂಟು. ಎರಡನೆಯದಾಗಿ, ಆರಂಭದ ಹಂತದಲ್ಲಿ ಸೊಂಟದ ಎಕ್ಸ್‌ರೇಯಲ್ಲೂ ದೋಷ ಕಾಣುವುದಿಲ್ಲ, ಎಂಆರ್‌ಐ ಬೇಕು. ರಕ್ತದ ಸರಳ ಕರಗುವಿಕೆ ಪರೀಕ್ಷೆಯಲ್ಲಿ ಸಂಶಯ ಬಂದರೆ, ಎಚ್‌ಪಿಎಲ್‌ಸಿ ಪರೀಕ್ಷೆಯಿಂದ ಅದು ಕಾಯಿಲೆಯೋ ಅಥವಾ ವಾಹಕ ಸ್ಥಿತಿಯೋ ಎಂಬುದು ತಿಳಿಯುತ್ತದೆ. ನೋವಿನ ಜತೆ ಜ್ವರವೂ ಇದ್ದರೆ ಮೂಳೆಯಲ್ಲಿ ಸೋಂಕು ಇರಬಹುದು. ಅದನ್ನು ಬೆಳಗಿನವರೆಗೆ ಕಾಯಿಸಬಾರದು.

ಚಿಕಿತ್ಸೆ ಹಂತವನ್ನು ಅವಲಂಬಿಸಿದೆ. ಚೆಂಡು ಕುಸಿಯುವ ಮೊದಲೇ ಸಿಕ್ಕರೆ ಕಾಲಿನ ಮೇಲೆ ಭಾರ ಕಡಿಮೆ ಮಾಡುವುದು, ವ್ಯಾಯಾಮ ಚಿಕಿತ್ಸೆ, ಕೆಲವರಿಗೆ ಮೂಳೆಯಲ್ಲಿ ರಂಧ್ರ ಕೊರೆದು ಒಳಒತ್ತಡ ಇಳಿಸುವ ಶಸ್ತ್ರಕ್ರಿಯೆ. ಕುಸಿದ ಮೇಲೆ ಉಳಿಯುವ ದಾರಿ ಬಹುಮಟ್ಟಿಗೆ ಕೃತಕ ಕೀಲು ಜೋಡಣೆ. ಶಸ್ತ್ರಚಿಕಿತ್ಸಕರಿಗೆ ಸಿಕಲ್ ಸೆಲ್ ವಿಷಯ ಮುಂಚೆಯೇ ತಿಳಿಸಲೇಬೇಕು. ರಕ್ತ, ಆಮ್ಲಜನಕ, ದೇಹದ ನೀರಿನಂಶ, ಬಿಸುಪು ಎಲ್ಲದರಲ್ಲೂ ವಿಶೇಷ ಎಚ್ಚರ ಬೇಕಾಗುತ್ತದೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ನೋವಿನ ದಾಳಿಗಳನ್ನು ಕಡಿಮೆ ಮಾಡುತ್ತದೆ, ಸತ್ತ ಮೂಳೆಯನ್ನು ಬದುಕಿಸುವುದಿಲ್ಲ. ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಹಾನಿ. ಸ್ಟೀರಾಯ್ಡ್ ಅತಿಯಾದರೆ ಅದೇ ಈ ಬಗೆಯ ಮೂಳೆಸಾವಿಗೆ ಕಾರಣವಾಗಬಲ್ಲದು.

ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಲ್ಲಿ ಈ ಕಾಯಿಲೆಯನ್ನು ಗುರುತಿಸುವ ಕೆಲಸ ಮಾಡಿದೆ. ಕೇಂದ್ರ ಸರಕಾರ 2023ರ ಜುಲೈ 1ರಂದು ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನವರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಚಾಮರಾಜನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಆದರೂ ಕಾಡಂಚಿನ ಹಾಡಿಯಿಂದ ಕುಂಟುವ ಕಾಲಿನಲ್ಲಿ ಬಸ್ಸು ಹಿಡಿದು, ದಿನಗೂಲಿ ಬಿಟ್ಟು ಬರುವುದೇ ರೋಗಿಗೆ ದೊಡ್ಡ ಕಷ್ಟ. ಅಂಥ ಕಡೆ ಸೇವೆಯಲ್ಲಿರುವ ನಮ್ಮ ಸಿಸ್ಟರುಗಳು, ಕಾರ್ಯಕರ್ತರು ರೋಗಿಯ ಜತೆಗೇ ಹೋಗಿ, ಮಂಡಿನೋವೆಂದರೂ ಸೊಂಟವನ್ನೂ ರಕ್ತವನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಬೇಕು. ಆಯುಷ್ಮಾನ್ ಕಾರ್ಡು, ಹಳೆಯ ಎಕ್ಸ್‌ರೇ, ರಕ್ತದ ವರದಿ ಒಂದೇ ಚೀಲದಲ್ಲಿರಲಿ.