ಕಡಲಂಚಿನ ಮನೆಗೆ ಪಾಯಕ್ಕಿಂತ ಮೊದಲು ಬೇಲಿ

ಶಿವಮೊಗ್ಗದ ಕೋಟೆ ಪ್ರದೇಶದಲ್ಲಾಗಲಿ, ಭದ್ರಾವತಿಯ ಹೊಸ ಬಡಾವಣೆಗಳಲ್ಲಾಗಲಿ ಮನೆ ಕಟ್ಟಿಸುವವರು ಕೈತೋಟದ ಯೋಚನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಗೃಹಪ್ರವೇಶ ಮುಗಿದು, ಬಣ್ಣದವರ ಲೆಕ್ಕ ಚುಕ್ತಾ ಆದಮೇಲೆ, ಕೈಯಲ್ಲಿ ಉಳಿದಷ್ಟು ದುಡ್ಡಿಗೆ ನರ್ಸರಿಯಿಂದ ನಾಲ್ಕು ಗಿಡ ತಂದು ನೆಡುತ್ತಾರೆ. ತುಂಗೆ, ಭದ್ರೆಯರ ಈ ಸೀಮೆಯಲ್ಲಿ ಹಾಗೆ ಮಾಡಿದರೂ ನಡೆಯುತ್ತದೆ, ಮಣ್ಣೂ ಗಾಳಿಯೂ ಅಷ್ಟರಮಟ್ಟಿಗೆ ಸೌಮ್ಯ. ಆದರೆ ಹುಲಿಕಲ್ ಘಾಟಿ ಇಳಿದು ಕುಂದಾಪುರ, ಮರವಂತೆ, ಬೈಂದೂರಿನ ಕಡೆಗೋ, ಜೋಗದ ದಾರಿಯಲ್ಲಿ ಹೊನ್ನಾವರದ ಕಡೆಗೋ ಹೋಗಿ ಕಡಲಿಗೆ ಮುಖಮಾಡಿದ ಜಾಗ ಕೊಂಡವರು ಇದೇ ಕ್ರಮ ಹಿಡಿದರೆ ತೋಟ ಏಳುವುದು ಕಷ್ಟ. ನೆಟ್ಟ ಗಿಡ ಒಂದು ಬೇಸಿಗೆಯಲ್ಲಿ ಸುಟ್ಟುಹೋಗುತ್ತದೆ, ಮತ್ತೆ ತಂದು ನೆಟ್ಟದ್ದು ಇನ್ನೊಂದು ಬೇಸಿಗೆಗೆ. ಕೊನೆಗೆ ಬೇಸತ್ತು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿಬಿಡುತ್ತಾರೆ. ಆಗ ತಪ್ಪು ಗಿಡದ್ದೂ ಅಲ್ಲ, ಮಾಲಿಯದ್ದೂ ಅಲ್ಲ. ಕೆಲಸಗಳ ಸರದಿಯೇ ತಪ್ಪಿರುತ್ತದೆ. ತೆರೆದ ಕಡಲತಡಿಯ ನಿವೇಶನದಲ್ಲಿ ಪಾಯ ತೋಡುವ ಮುಂಚೆಯೇ ಪಡುವಣ ಗಾಳಿಗೆ ಎದುರಾಗಿ ಗಿಡಮರಗಳ ಬೇಲಿ ಎಬ್ಬಿಸಬೇಕು. ಹೂವು, ಹಣ್ಣು, ಹುಲ್ಲು ಎಲ್ಲವೂ ಅದರ ಮರೆಯಲ್ಲಿ ಆಮೇಲೆ ಬರಬೇಕಾದವು.

ಅಲ್ಲಿ ಗಿಡಗಳನ್ನು ಕೊಲ್ಲುವುದು ಬರೀ ಮರಳು ಎಂಬ ನಂಬಿಕೆ ಬಹಳ ಜನರಲ್ಲಿದೆ. ಮರಳನ್ನು ಸುಧಾರಿಸಬಹುದು, ಅದರ ಮಾತು ಮುಂದೆ ಬರುತ್ತದೆ. ನಿಜವಾದ ಹೊಡೆತ ಮೇಲಿನಿಂದ ಬೀಳುತ್ತದೆ. ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಉಪ್ಪುನೀರಿನ ಸೂಕ್ಷ್ಮ ಹನಿಗಳು ಗಾಳಿಗೆ ಸೇರುತ್ತವೆ, ಗಾಳಿ ಅವನ್ನು ದಡದೊಳಕ್ಕೆ ಹೊತ್ತು ತರುತ್ತದೆ. ಜುಲೈ, ಆಗಸ್ಟಿನಲ್ಲಿ ಗಾಳಿ ಎಷ್ಟೇ ಬೀಸಿದರೂ ಮಳೆ ಎಲೆಯ ಮೇಲಿನ ಉಪ್ಪನ್ನು ತೊಳೆದುಬಿಡುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಶಿವಮೊಗ್ಗ ನಗರದಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ಆಮೇಲಿನ ಒಣ ತಿಂಗಳುಗಳಲ್ಲಿ ಪ್ರತಿ ಮಧ್ಯಾಹ್ನ ಕಡಲ ಕಡೆಯಿಂದ, ಹೆಚ್ಚಾಗಿ ವಾಯುವ್ಯದಿಂದ, ಗಾಳಿ ಏಳುತ್ತದೆ. ಉಪ್ಪು ಎಲೆಯ ಮೇಲೆ ದಿನದಿನವೂ ಕೂರುತ್ತದೆ, ತೊಳೆಯಲು ಮಳೆಯಿಲ್ಲ. ಇಂಥ ಕಡೆ ಬೆಳೆದ ಎಳೆಯ ಮಾವಿನ ಗಿಡವೊಂದರ ಎಲೆ ಹಿಡಿದು ನೋಡಿದರೆ ನಡೆದದ್ದು ತಿಳಿಯುತ್ತದೆ. ಮೊದಲು ತುದಿ ಕಂದುತ್ತದೆ, ಕಂದುಬಣ್ಣ ಅಂಚಿನ ಗುಂಟ ಹಿಂದಕ್ಕೆ ಸರಿಯುತ್ತದೆ, ನಡುದಿಂಡಿನ ಹತ್ತಿರ ಮಾತ್ರ ಹಸಿರು ಉಳಿದಿರುತ್ತದೆ. ಗಾಳಿಗೆ ಎಲೆಗಳು ಒಂದಕ್ಕೊಂದು ಉಜ್ಜಿ, ಹಾರಿಬರುವ ಮರಳು ತಾಗಿ ಆದ ಕಣ್ಣಿಗೆ ಕಾಣದ ಗೀರುಗಳ ಮೂಲಕ ಉಪ್ಪು ಒಳಗಿಳಿದು ತುದಿಗೆ, ಅಂಚಿಗೆ ಬಂದು ಸೇರಿರುತ್ತದೆ. ಗಾಳಿ ಕಡಿಮೆಯಾದರೆ ಗೀರೂ ಕಡಿಮೆ, ಉಪ್ಪೂ ಕಡಿಮೆ. ಹಾಗಾಗಿ ಗೊಬ್ಬರ, ಔಷಧಿ ಎಂದು ಎಲ್ಲೆಲ್ಲೋ ಪರಿಹಾರ ಹುಡುಕುವ ಬದಲು ಗಾಳಿಯಿಂದಲೇ ಶುರುಮಾಡಬೇಕು.

ಗಾಳಿ ತಡೆಯಲು ಗಟ್ಟಿ ಕಾಂಪೌಂಡ್ ಕಟ್ಟಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಕೆಂಪುಕಲ್ಲು ಅಲ್ಲಿ ಧಾರಾಳವಾಗಿ ಸಿಗುತ್ತದೆ, ಗೋಡೆ ಒಂದು ತಿಂಗಳಲ್ಲಿ ಏಳುತ್ತದೆ. ಆದರೆ ಗಟ್ಟಿ ಗೋಡೆಗೆ ಬಡಿದ ಗಾಳಿ ನಿಲ್ಲುವುದಿಲ್ಲ, ಮೇಲೆ ಹತ್ತಿ ಆಚೆ ಬದಿಯಲ್ಲಿ ಸುಳಿಸುಳಿಯಾಗಿ ಧುಮುಕುತ್ತದೆ. ಗೋಡೆಯ ಬುಡದಲ್ಲಿ ಸ್ವಲ್ಪ ಜಾಗ ಶಾಂತವಾಗಿರುತ್ತದೆ, ಅದರಾಚೆ ಗಿಡಗಳು ಎಲ್ಲ ದಿಕ್ಕಿನಿಂದಲೂ ಏಟು ತಿನ್ನುತ್ತವೆ. ಸುಮಾರು ಅರ್ಧದಷ್ಟು ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವ ಗಿಡದ ಬೇಲಿ ಹಾಗಲ್ಲ. ಸಾವಿರ ಎಲೆಗಳ ನಡುವೆ ನುಸುಳುವಾಗ ಗಾಳಿ ತನ್ನ ಜೋರು ಕಳೆದುಕೊಳ್ಳುತ್ತದೆ, ಹೊತ್ತು ತಂದ ಉಪ್ಪಿನ ಹನಿಗಳಲ್ಲಿ ಬಹಳಷ್ಟನ್ನು ಆ ಎಲೆಗಳಿಗೇ ಬಿಟ್ಟುಹೋಗುತ್ತದೆ. ಅದರ ಮರೆ ಬೇಲಿಯ ಎತ್ತರದ ಹತ್ತುಪಟ್ಟು ದೂರದವರೆಗೂ ಸಿಗುತ್ತದೆ ಎಂಬುದು ಗಾಳಿತಡೆಯ ಬಗ್ಗೆ ಕೆಲಸ ಮಾಡಿದವರೆಲ್ಲ ಒಪ್ಪಿದ ಲೆಕ್ಕ. ನಾಲ್ಕು ಮೀಟರ್ ಎತ್ತರದ ಬೇಲಿ ನಲವತ್ತು ಮೀಟರ್ ಒಳಕ್ಕೆ ರಕ್ಷಣೆ ಕೊಟ್ಟರೆ, ಹತ್ತು ಸೆಂಟ್ಸ್ ಜಾಗ ಅಷ್ಟರಲ್ಲೇ ಮುಗಿಯುತ್ತದೆ. ಇನ್ನೊಂದು ಲೆಕ್ಕವೂ ಇದೆ: ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ಗಾಳಿಯನ್ನು ಪೂರ್ತಿ ನಿಲ್ಲಿಸುವ ಹಟ ಬೇಕಿಲ್ಲ.

ಬೇಲಿಗೆ ಯಾವ ಗಿಡ ಎಂಬುದಕ್ಕೆ ದಂಡೆಯೇ ಉತ್ತರ ಬರೆದಿಟ್ಟಿದೆ. ಯಾರೂ ಕೈ ಹಾಕದ ಕಡಲತಡಿಯಲ್ಲಿ ನೀರಿನಿಂದ ಒಳಕ್ಕೆ ನಡೆದರೆ ಮೊದಲು ಮರಳಿಗೆ ಅಂಟಿ ಹರಡಿದ ಅಡುಂಬು ಬಳ್ಳಿ ಸಿಗುತ್ತದೆ: ತುದಿ ಸೀಳಿದ ದಪ್ಪ ಎಲೆ, ನೇರಳೆ ಹೂ. ಜೊತೆಗೆ ಮುಳ್ಳುಮುಳ್ಳಾದ ರಾವಣನ ಮೀಸೆ. ಇವೆರಡೂ ಹಾರುವ ಮರಳನ್ನು ಹಿಡಿದು ದಿಬ್ಬ ಕಟ್ಟುತ್ತವೆ. ದಿಬ್ಬದ ಹಿಂದೆ ಲಕ್ಕಿ, ಎಕ್ಕ, ಕೇದಗೆಯ ಮೆಳೆ. ಅದರ ಹಿಂದೆ ಹೊನ್ನೆ, ಹೊಂಗೆ. ಆಮೇಲೆ ತೆಂಗು, ಗೇರು. ಮೆಳೆಗಳ, ಮರಗಳ ಕಡಲ ಬದಿಯ ಚಿಗುರನ್ನು ಉಪ್ಪುಗಾಳಿ ಸಾಯಿಸುತ್ತ ಹೋಗುವುದರಿಂದ ಅವುಗಳ ನೆತ್ತಿ ಪಡುವಣಕ್ಕೆ ತಗ್ಗಾಗಿ ಮೂಡಣಕ್ಕೆ ಏರುತ್ತದೆ, ಹಂಚಿನ ಮನೆಯ ಮಾಡಿನ ಇಳಿಜಾರಿನ ಹಾಗೆ. ಗಾಳಿ ಆ ಇಳಿಜಾರನ್ನು ಏರಿ ಮೇಲಿಂದಲೇ ದಾಟಿಹೋಗುತ್ತದೆ. ಹೊಸ ತೋಟಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ಯಾವ ಆರ್ಕಿಟೆಕ್ಟ್ ಕೈಯಲ್ಲೂ ಇಲ್ಲ ಎಂದು ನನ್ನ ದೃಢ ನಂಬಿಕೆ. ಮುಂದೆ ನೆಲಕ್ಕಂಟಿದ ಬಳ್ಳಿ, ಹಿಂದೆ ಲಕ್ಕಿ, ಕಣಗಿಲೆ, ಕಾಗದದ ಹೂವಿನ ಪೊದೆ, ಅದರ ಹಿಂದೆ ಹೊನ್ನೆ, ಹೊಂಗೆಯ ಸಾಲು. ಇವನ್ನು ಪಡುವಣದ ಗಡಿಗಷ್ಟೇ ಸೀಮಿತ ಮಾಡದೆ ನೈಋತ್ಯ, ವಾಯುವ್ಯ ಮೂಲೆಗಳಿಗೂ ಬಳಸಿ ತರಬೇಕು, ಯಾಕೆಂದರೆ ಮಳೆಗಾಲದ ಗಾಳಿಯ ದಿಕ್ಕು ಬೇರೆ, ಬೇಸಿಗೆಯದು ಬೇರೆ. ಕಣಗಿಲೆ ವಿಷದ ಗಿಡವಾದ್ದರಿಂದ ಮಕ್ಕಳು, ದನಕರು ಇರುವ ಮನೆಯವರು ಅದನ್ನು ಬಿಡುವುದೇ ಮೇಲು. ಹೊನ್ನೆ ನಿಧಾನಕ್ಕೆ ಬೆಳೆಯುತ್ತದೆ, ಆದರೆ ನೆಲೆಯೂರಿದರೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಅದರ ಬೀಜದ ಎಣ್ಣೆಯಲ್ಲಿ ಕರಾವಳಿಯವರು ದೀಪ ಹಚ್ಚುತ್ತಿದ್ದರು, ದೋಣಿಗೂ ಬಳಿಯುತ್ತಿದ್ದರು.

ಗಾಳಿಮರ ಒಂದನ್ನೇ ಒತ್ತಾಗಿ ನೆಟ್ಟರೆ ಸಾಕು ಎನ್ನುವವರೂ ಇದ್ದಾರೆ. ಅದರ ಪರವಾಗಿ ಹೇಳಬೇಕಾದದ್ದೂ ಇದೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಕಾರವಾರದ ಕಡೆ ಸೌದೆಗೆಂದು ನೆಡಲು ಶುರುವಾದ ಈ ಹೊರಗಿನ ಮರ ಮರಳಲ್ಲೂ ಉಪ್ಪಲ್ಲೂ ಬಲು ಬೇಗ ಬೆಳೆಯುತ್ತದೆ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನೂ ಹಿಡಿದಿಡುತ್ತದೆ. ಆದರೆ ವಯಸ್ಸಾದಂತೆ ಬುಡದ ಕೊಂಬೆಗಳು ಉದುರಿ ಕಾಂಡ ಬೋಳಾಗುತ್ತದೆ, ಗಾಳಿ ಅಡಿಯಿಂದಲೇ ನುಗ್ಗಿ ಬರುತ್ತದೆ. ಉದುರಿದ ಕಡ್ಡಿಯೆಲೆಗಳ ದಪ್ಪ ಹಾಸಿನಡಿ ಬೇರೆ ಗಿಡ ಏಳುವುದೂ ಅಪರೂಪ. ಹೊನ್ನೆ, ಹೊಂಗೆ ಎದ್ದುನಿಲ್ಲುವವರೆಗೆ ಗಾಳಿಮರವನ್ನು ತಾತ್ಕಾಲಿಕ ಕಾವಲಿಗೆ ಇಟ್ಟುಕೊಂಡು ಆಮೇಲೆ ಒಂದೊಂದಾಗಿ ಕಡಿಯುವುದು ಸರಿಯಾದ ಬಳಕೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪಣೆ ಬೇರೆ. ಕಡಲು ಕಾಣಲಿ ಎಂದೇ ಲಕ್ಷಗಟ್ಟಲೆ ಸುರಿದು ಜಾಗ ಕೊಂಡವರಿಗೆ ಕಡಲಿಗೇ ಬೇಲಿ ಹಾಕಿ ಎನ್ನುವುದು ಯಾವ ನ್ಯಾಯ? ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಆದರೆ ಮಳೆಗಾಲದ ನಾಲ್ಕು ತಿಂಗಳು ಪಡುವಣದ ಕಿಟಕಿಗಳನ್ನು ಹೇಗಿದ್ದರೂ ಮುಚ್ಚಿಯೇ ಇಡಬೇಕು. ಹಳೆಯ ಮನೆಗಳವರು ಆ ಬದಿಗೆ ಮಡಲಿನ ತಟ್ಟಿಯನ್ನೇ ಕಟ್ಟುತ್ತಿದ್ದರು. ಬೇಸಿಗೆಯ ಮಧ್ಯಾಹ್ನವಂತೂ ಅದೇ ದಿಕ್ಕಿನಿಂದ ಕಣ್ಣು ಕೋರೈಸುವ ಬಿಸಿಲು. ಉಳಿದ ಹೊತ್ತಿನಲ್ಲಿ ಕಡಲು ನೋಡಲು ಇಡೀ ದಿಗಂತ ಬೇಕಿಲ್ಲ. ಬೇಲಿಯಲ್ಲಿ ಗಾಳಿಗೆ ನೇರವಾಗಿರದ ಓರೆಯ ಒಂದು ಕಂಡಿ ಬಿಟ್ಟು, ಅಲ್ಲಿ ಗಿಡಗಳನ್ನು ಸೊಂಟದೆತ್ತರಕ್ಕೆ ಸವರಿಟ್ಟರೆ ಜಗಲಿಯಲ್ಲಿ ಕೂತವರಿಗೆ ನೀರು ಕಾಣುತ್ತದೆ. ಮಹಡಿಯಿದ್ದರೆ ಆ ತೊಂದರೆಯೂ ಇಲ್ಲ. ಬೇಲಿ ಬೆಳೆಯಲು ವರ್ಷಗಳು ಬೇಕಲ್ಲ ಎಂಬ ಇನ್ನೊಂದು ಆಕ್ಷೇಪಣೆಯೇ ನನ್ನ ವಾದಕ್ಕೆ ಆಧಾರ. ಮನೆ ಕಟ್ಟಲು ಒಂದೂವರೆ ವರ್ಷವಾದರೂ ಹಿಡಿಯುತ್ತದೆ. ಪಾಯಕ್ಕೆ ಮುಂಚಿನ ಜೂನಿನಲ್ಲಿ ಗೇಣುದ್ದದ ಸಸಿ ನೆಟ್ಟು, ಪಡುವಣಕ್ಕೆ ತಟ್ಟಿಯ ಮರೆ ಕಟ್ಟಿದರೆ ಗೃಹಪ್ರವೇಶದ ಹೊತ್ತಿಗೆ ಅದು ಎರಡು ಮಳೆಗಾಲ ಕಂಡಿರುತ್ತದೆ. ಆಳೆತ್ತರದ ಸಸಿಯನ್ನು ತಂದು ನೆಟ್ಟರೆ ಬೇರು ಹಿಡಿಯುವ ಮೊದಲೇ ಗಾಳಿ ಅದನ್ನು ಅಲ್ಲಾಡಿಸಿ ಸಡಿಲ ಮಾಡುತ್ತದೆ. ಇಲ್ಲಿ ಚಿಕ್ಕದೇ ಗೆಲ್ಲುತ್ತದೆ. ಚಂಡಮಾರುತಕ್ಕೆ ಈ ಬೇಲಿ ತಡೆಯೇ ಎಂದು ಕೇಳಿದರೆ, ಅಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಹಾದುಹೋದಾಗ ಕಡಲು ಮನೆಗಳನ್ನೂ ತೆಂಗಿನ ಮರಗಳನ್ನೂ ಕೊಂಡೊಯ್ದಿತು. ಬೇಲಿ ಕಾಯುವುದು ವರ್ಷದ ಉಳಿದ ದಿನಗಳ ಗಾಳಿಯಿಂದ.

ದಂಡೆಯ ಮರಳು ದಿಬ್ಬವನ್ನು ಮಟ್ಟಸ ಮಾಡಿ ಲಾನ್ ಹಾಕುವ ಆಲೋಚನೆಗೆ ಕಾನೂನೇ ಅಡ್ಡ ಬರುತ್ತದೆ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯಲ್ಲೂ 2019ರದ್ದರಲ್ಲೂ ಮರಳು ದಿಬ್ಬಗಳನ್ನು ಬದಲಿಸುವುದು ನಿಷಿದ್ಧ. 2019ರ ಅಧಿಸೂಚನೆಯಂತೆ ಹಳ್ಳಿಗಳ ಕಡೆ ಉಬ್ಬರದ ಗೆರೆಯಿಂದ 200 ಮೀಟರ್, ಜನಸಾಂದ್ರತೆ ಚದರ ಕಿಲೋಮೀಟರಿಗೆ 2161 ಮೀರಿದ ಕಡೆ 50 ಮೀಟರ್ ನಿರ್ಮಾಣ ನಿಷಿದ್ಧ ವಲಯ. ಜಾಗ ಕೊಳ್ಳುವ ಮೊದಲೇ ಇದನ್ನು ತಿಳಿದುಕೊಂಡಿರಬೇಕು. ಲಾನ್‌ನ ಇನ್ನೊಂದು ಕೇಡು ಬಾವಿಗೆ ತಟ್ಟುತ್ತದೆ. ದಂಡೆಯಲ್ಲಿ ಸಿಹಿನೀರು ನೆಲದಡಿಯ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಮೀಟರ್ ಆಳದವರೆಗೆ ಸಿಹಿಯೇ ಇರುತ್ತದೆ ಎಂಬುದು ಸೂತ್ರ. ಪಂಪು ಹಾಕಿ ಎಳೆದೆಳೆದು ಮೇಲಿನ ಮಟ್ಟ ತುಸು ಇಳಿದರೂ ಕೆಳಗಿನಿಂದ ಉಪ್ಪು ಅದರ ಹಲವು ಪಟ್ಟು ಏರಿಬರುತ್ತದೆ. ಹುಲ್ಲಿಗೆ ದಿನಾ ನೀರು ಬಿಟ್ಟವರು ಅಕ್ಕಪಕ್ಕದ ಮನೆಯ ಕುಡಿಯುವ ನೀರನ್ನೂ ಕೆಡಿಸುತ್ತಾರೆ. ಅದರ ಬದಲು ನೂರು ಚದರ ಮೀಟರಿನ ಮಾಡಿನ ಮೇಲೆ ಒಂದು ಮಳೆಗಾಲದಲ್ಲಿ ಬೀಳುವ ಮೂರು ಲಕ್ಷ ಲೀಟರಿಗೂ ಹೆಚ್ಚಿನ ನೀರನ್ನು ಸೋಸಿ ಬಾವಿಗಿಳಿಸುವುದು ಒಳ್ಳೆಯದು. ಬಚ್ಚಲ ನೀರು ಬಾಳೆಬುಡಕ್ಕೆ ಹೋಗಲಿ.

ಮರಳಿನ ವಿಷಯಕ್ಕೆ ಬಂದರೆ, ಘಟ್ಟದಡಿಯಿಂದ ಲಾರಿಗಟ್ಟಲೆ ಕೆಂಪುಮಣ್ಣು ತಂದು ಅಂಗಳಕ್ಕೆಲ್ಲ ಸುರಿಯುವುದು ದುಡ್ಡು ಕಳೆಯುವ ದಾರಿ. ಆ ಮಳೆಗೆ ಅದು ಕೊಚ್ಚಿಕೊಂಡು ಹೋಗುತ್ತದೆ, ಉಳಿದದ್ದು ಬೇಸಿಗೆಯಲ್ಲಿ ಗಟ್ಟಿಕಟ್ಟುತ್ತದೆ. ಗಿಡದ ಗುಂಡಿಗೆ ಮಾತ್ರ ಮಣ್ಣು, ಹಟ್ಟಿಗೊಬ್ಬರ, ಸುಡುಮಣ್ಣು ಸಾಕು. ಗುಂಡಿಯ ತಳಕ್ಕೆ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲೆ ಬರುವಂತೆ ಜೋಡಿಸಿದರೆ ಅದು ವರ್ಷಗಟ್ಟಲೆ ತೇವ ಹಿಡಿದಿಡುತ್ತದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕಾಸರಗೋಡಿನ ಸಂಸ್ಥೆಯೂ ತೆಂಗಿಗೆ ಸಿಪ್ಪೆ ಹೂಳುವುದನ್ನು ಶಿಫಾರಸು ಮಾಡುತ್ತದೆ. ಯಾವ ಸಸಿ, ಎಷ್ಟು ಅಂತರ ಎಂದು ಕೇಳಬೇಕಾದರೆ ಬ್ರಹ್ಮಾವರದಲ್ಲಿ ವಲಯ ಸಂಶೋಧನಾ ಕೇಂದ್ರವಿದೆ, ಅದು ನಮ್ಮ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ್ದೇ. ಬೇಲಿ ಏಳುವವರೆಗೆ ಹೂವಿಲ್ಲದೆ ಇರಲಾರದವರು ಮನೆಯ ಮೂಡಣದ ಬದಿಯಿಂದ ಶುರುಮಾಡಬಹುದು. ಮನೆಯೇ ಅಲ್ಲಿ ಗಾಳಿಗೆ ಮರೆ. ಮಲ್ಲಿಗೆ, ಅಬ್ಬಲಿಗೆ, ಬಸಳೆಯ ಚಪ್ಪರ, ಕಾಪು ಬಳಿಯ ಮಟ್ಟುವಿನ ಮರಳುಮಣ್ಣಿನಲ್ಲೇ ಹೆಸರು ಮಾಡಿದ ಗುಳ್ಳದ ನಾಲ್ಕು ಗಿಡ ಆ ಬದಿಯಲ್ಲಿ ಮೊದಲ ವರ್ಷವೇ ಬರುತ್ತವೆ.