ಅಬಚೂರಿಗೆ ಬಂಡವಾಳ ಹೂಡಿದ ಓದುಗರು

ಮೂಡಿಗೆರೆಯಿಂದ ಬಣಕಲ್ ಮಾರ್ಗವಾಗಿ ಚಾರ್ಮಾಡಿ ಘಾಟಿಗೆ ಸಾಗುವ ರಸ್ತೆಯಲ್ಲಿ, ಕೊಟ್ಟಿಗೆಹಾರದಲ್ಲಿ, ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನವಿದೆ. ಈ ಕಾಫಿ ಸೀಮೆಯಲ್ಲೇ ತೋಟ ಮಾಡಿಕೊಂಡು ಬರೆದ ತೇಜಸ್ವಿಯವರು (1938–2007) ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ ಅವರ ಹಳೆಯ ಕಥೆಯೊಂದು ಚಲನಚಿತ್ರವಾಯಿತು. ಅದಕ್ಕೆ ಹಣ ಹಾಕಿದವರು ಗಾಂಧಿನಗರದ ಉದ್ಯಮಿಗಳಲ್ಲ, ಅವರ ಓದುಗರು. ಶಶಾಂಕ್ ಸೋಗಾಲ್ ನಿರ್ದೇಶಿಸಿ 2023ರ ಮೇ 19ರಂದು ತೆರೆಕಂಡ ‘ಡೇರ್‌ಡೆವಿಲ್ ಮುಸ್ತಫಾ’ದ ಹಿಂದೆ ಸುಮಾರು 100 ಮಂದಿ ತೇಜಸ್ವಿ ಅಭಿಮಾನಿಗಳ ಹಣವಿತ್ತು.

ಇಂತಹ ಏರ್ಪಾಡಿಗೆ ಕ್ರೌಡ್‌ಫಂಡಿಂಗ್ ಎನ್ನುತ್ತಾರೆ: ಒಬ್ಬ ಧನಿಕನ ಬದಲು ಅನೇಕರು ತಮಗೆ ಕೈಲಾದಷ್ಟು ಕೊಟ್ಟು ಒಂದು ಕೆಲಸಕ್ಕೆ ಬೇಕಾದ ಮೊತ್ತವನ್ನು ಕೂಡಿಸುವ ಕ್ರಮ. ಊರ ಜಾತ್ರೆಗೆ ವಂತಿಗೆ ಎತ್ತುವ ನಾಡಿಗೆ ಇದು ಅಪರಿಚಿತವೇನಲ್ಲವಾದರೂ, ಅಂತರಜಾಲದ ಮೂಲಕ ಅದು ಜಗತ್ತಿನ ಗಮನ ಸೆಳೆದದ್ದು ಒಂದು ಕಂಪ್ಯೂಟರ್ ಆಟದಿಂದ. ಪಾಯಿಂಟ್ ಆ್ಯಂಡ್ ಕ್ಲಿಕ್ ಸಾಹಸದಾಟ ಎಂಬ ಪ್ರಕಾರದಲ್ಲಿ ಆಟಗಾರನು ಪರದೆಯ ಮೇಲಿನ ಚಿತ್ರದಲ್ಲಿ ಬಾಗಿಲನ್ನೋ ಬೀಗದ ಕೈಯನ್ನೋ ಮೌಸ್‌ನಿಂದ ಒತ್ತುತ್ತ, ಪಾತ್ರಗಳನ್ನು ಮಾತನಾಡಿಸುತ್ತ, ಒಗಟುಗಳನ್ನು ಬಿಡಿಸುತ್ತ ಕಥೆಯೊಳಗೆ ಮುಂದುವರಿಯುತ್ತಾನೆ. ಇಲ್ಲಿ ಬೆರಳಿನ ವೇಗಕ್ಕಿಂತ ಬುದ್ಧಿಗೂ ಹಾಸ್ಯಪ್ರಜ್ಞೆಗೂ ಹೆಚ್ಚು ಕೆಲಸ. 1990ರ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಇದರ ಪ್ರಸಿದ್ಧ ಮಾದರಿ. ಆ ದಶಕದ ಕೊನೆಗೆ ಪ್ರಕಾಶನ ಸಂಸ್ಥೆಗಳು ಹೋರಾಟದ ಆಟಗಳ ಕಡೆ ಹೊರಳಿ, ಈ ಪ್ರಕಾರಕ್ಕೆ ಕೊಳ್ಳುವವರಿಲ್ಲವೆಂದು ತೀರ್ಮಾನಿಸಿದವು. ಆ ತೀರ್ಮಾನವನ್ನು 2012ರ ಫೆಬ್ರವರಿಯಲ್ಲಿ ಆಟ ವಿನ್ಯಾಸಕ ಟಿಮ್ ಶೇಫರ್ ಅವರ ಡಬಲ್ ಫೈನ್ ಸಂಸ್ಥೆ ಪರೀಕ್ಷೆಗೆ ಒಡ್ಡಿತು: ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಅದು ಕೇಳಿದ್ದು 4 ಲಕ್ಷ ಡಾಲರ್, 87 ಸಾವಿರಕ್ಕೂ ಹೆಚ್ಚು ಜನ ಸೇರಿ ಕೊಟ್ಟದ್ದು 33 ಲಕ್ಷ ಡಾಲರ್. ‘ಬ್ರೋಕನ್ ಸ್ವೋರ್ಡ್’ನಂತಹ ಹಳೆಯ ಸರಣಿಗಳೂ ಅದೇ ದಾರಿಯಲ್ಲಿ ಮರಳಿದವು.

ಹಣ ಹೆಚ್ಚಾದಂತೆ ಆಸೆಯೂ ಹಿಗ್ಗಿತು. ‘ಬ್ರೋಕನ್ ಏಜ್’ ಎಂಬ ಹೆಸರಿನ ಡಬಲ್ ಫೈನ್‌ನ ಆ ಆಟಕ್ಕೆ ಕೇಳಿದ್ದಕ್ಕಿಂತ ಎಂಟು ಪಟ್ಟು ಬಂದ ಮೊತ್ತವೂ ಸಾಲದೆ, 2014ರಲ್ಲಿ ಅದರ ಮೊದಲರ್ಧವನ್ನು ಮಾರಿ, ಆ ಗಳಿಕೆಯ ನೆರವಿನಿಂದ ಉತ್ತರಾರ್ಧವನ್ನು 2015ರಲ್ಲಿ ಮುಗಿಸಬೇಕಾಯಿತು. ಜನರ ಹಣವು ಬೇಡಿಕೆ ಇದೆಯೆಂಬುದನ್ನು ಸಾಬೀತು ಮಾಡುತ್ತದೆಯೇ ಹೊರತು ಆಯವ್ಯಯದ ಶಿಸ್ತನ್ನು ತಾನೇ ತಂದುಕೊಡುವುದಿಲ್ಲ.

ಡಬಲ್ ಫೈನ್ ಹಣ ಕೇಳಿದ ಅದೇ 2012ರಲ್ಲಿ ನಿರ್ಮಾಪಕರು ಸಿಗದ ಕನ್ನಡ ಚಿತ್ರ ನಿರ್ದೇಶಕ ಪವನ್ ಕುಮಾರ್ ‘ಲೂಸಿಯಾ’ ಚಿತ್ರಕ್ಕಾಗಿ ನೇರವಾಗಿ ಪ್ರೇಕ್ಷಕರ ಮುಂದೆ ಹೋದರು. ನೂರಕ್ಕೂ ಹೆಚ್ಚು ಜನರಿಂದ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಕೂಡಿತು. ಚಿತ್ರವು 2013ರ ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆಯಿತು. ಇದಕ್ಕೂ ಬಹಳ ಹಿಂದೆ, 1976ರಲ್ಲಿ, ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿ ಗಿರೀಶ ಕಾರ್ನಾಡರು ನಟಿಸಿದ ‘ಮಂಥನ್’ ಚಿತ್ರವನ್ನು ನಿರ್ಮಿಸಿದ್ದರು.

‘ಲೂಸಿಯಾ’ಕ್ಕೆ ಹಣ ಕೊಟ್ಟವರು ನಂಬಿದ್ದು ಹೊಸ ಕಥೆಯನ್ನು. ‘ಮುಸ್ತಫಾ’ದ ಪ್ರಸಂಗ ಆಟಗಳ ಪುನರುಜ್ಜೀವನಕ್ಕೆ ಹೆಚ್ಚು ಹತ್ತಿರವಾದುದು, ಏಕೆಂದರೆ ಇಲ್ಲಿ ಹಣ ಕೊಟ್ಟವರಿಗೆ ಮೂಲಕೃತಿ ಮೊದಲೇ ಬಾಯಿಪಾಠವಾಗಿತ್ತು. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಈ ಕಥೆಯಲ್ಲಿ ಹಿಂದೂ ಹುಡುಗರೇ ತುಂಬಿದ ತರಗತಿಗೆ ಮುಸ್ಲಿಂ ವಿದ್ಯಾರ್ಥಿಯೊಬ್ಬ ಬಂದು ಸೇರುತ್ತಾನೆ. ಪೂರ್ವಗ್ರಹವನ್ನು ಉಪದೇಶದಿಂದಲ್ಲದೆ ತುಂಟತನದಿಂದ ಕರಗಿಸುವುದು ತೇಜಸ್ವಿಯವರ ರೀತಿ. ಅದೇ ಸಂಕಲನದ ‘ತಬರನ ಕಥೆ’ಯನ್ನು ಗಿರೀಶ್ ಕಾಸರವಳ್ಳಿಯವರು 1986ರಲ್ಲಿ ಚಿತ್ರವಾಗಿಸಿದಾಗ ರಾಷ್ಟ್ರಪ್ರಶಸ್ತಿ ಬಂದಿತ್ತು, ಆದರೂ ‘ಮುಸ್ತಫಾ’ದ ಸರದಿ ಬರಲು ದಶಕಗಳೇ ಬೇಕಾದವು. ಚೆನ್ನಾಗಿ ಓದಿಸಿಕೊಂಡ ಕಥೆಯೂ ನಿರ್ಮಾಪಕರ ಲೆಕ್ಕಕ್ಕೆ ಸಿಗದಿರುವುದು ಚಿತ್ರೋದ್ಯಮದ ದೌರ್ಬಲ್ಯವೆನ್ನದೆ ವಿಧಿಯಿಲ್ಲ. ಬಿಡುಗಡೆಯ ನಂತರ ರಾಜ್ಯ ಸರ್ಕಾರವು ಚಿತ್ರಕ್ಕೆ ತೆರಿಗೆ ವಿನಾಯಿತಿ ನೀಡಿತು.

ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೊಟ್ಟವರಿಗೆ ದೊರೆಯುವುದು ಆಟದ ಪ್ರತಿಯಂತಹ ಪ್ರತಿಫಲ ಮಾತ್ರ, ಲಾಭದಲ್ಲಿ ಪಾಲಿಲ್ಲ. ‘ಲೂಸಿಯಾ’ದಲ್ಲಿ ಹಣ ತೊಡಗಿಸಿದವರನ್ನು ಪಾಲುದಾರರನ್ನಾಗಿ ಕಾಣಲಾಗಿತ್ತು. ಇನ್ನೊಂದು ಪ್ರಿಯ ಕೃತಿಗಾಗಿ ಯಾರಾದರೂ ಕೈಚಾಚಿದಾಗ ಓದುಗರು ಉದಾರವಾಗಿಯೇ ಕೊಡಲಿ, ಆದರೆ ಕೊಡುತ್ತಿರುವುದು ದೇಣಿಗೆಯೋ, ಮುಂಗಡ ಬೆಲೆಯೋ, ಬಂಡವಾಳವೋ ಎಂಬುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಲಿ.