ಸ್ಟೆಪ್ನಿ ಇಲ್ಲದ ಕಾರು, ಕರಿಜಾಲಿಯ ದಾರಿ

ಹೊಸ ಕಾರುಗಳ ಡಿಕ್ಕಿಯ ತಳ ಎತ್ತಿದರೆ ಈಗ ಎಷ್ಟೋ ಸಲ ಸ್ಟೆಪ್ನಿ ಇರುವುದಿಲ್ಲ. ಆ ಜಾಗದಲ್ಲಿ ಒಂದು ಬಾಟಲಿ ದ್ರವ, ಒಂದು ಪುಟ್ಟ ಹವಾ ಪಂಪು ಸಿಗುತ್ತವೆ. ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಹವಾ ಇಳಿದರೆ ಎಚ್ಚರಿಸುವ ಸಾಧನ ಈ ಮೂರೂ ಇದ್ದರೆ ಸಣ್ಣ ಪ್ರಯಾಣಿಕ ವಾಹನಕ್ಕೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರ ಜುಲೈಯಲ್ಲಿ ನಿಯಮ ತಿದ್ದಿತು. ಬ್ಯಾಟರಿಗೆ ಜಾಗ ಮಾಡಿಕೊಡಬೇಕಾದ ಎಲೆಕ್ಟ್ರಿಕ್ ಕಾರುಗಳಿಗೆ ಇದು ಅನುಕೂಲವಾಯಿತು. ಆದರೆ ಪುಣೆ–ಬೆಂಗಳೂರು ಹೆದ್ದಾರಿಯನ್ನು ಕಿತ್ತೂರಲ್ಲಿ ಬಿಟ್ಟು ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಹೊರಳುವವರಿಗೆ ಈ ಬಾಟಲಿಯನ್ನು ನಂಬುವುದು ಹೇಗೆಂಬ ದಿಗಿಲು ಸಹಜ. ನನ್ನ ವಾದ ಇಷ್ಟು: ಈ ಸೀಮೆಯಲ್ಲಿ ಆಗುವ ಬಹಳಷ್ಟು ಪಂಕ್ಚರುಗಳು ಸ್ಟೆಪ್ನಿ ಇಲ್ಲದೆಯೂ ನಿಭಾಯಿಸಬಹುದಾದಂಥವು. ಆದರೆ ಹವಾ ಸೋರುತ್ತಿದೆ ಎಂಬುದು ಬೇಗ ಗೊತ್ತಾಗಬೇಕು. ಹಾಗಾಗಿ ಬಾಟಲಿಗಿಂತ ಮೊದಲು ಕೈಯಲ್ಲಿರಬೇಕಾದದ್ದು ಹವಾ ಅಳೆಯುವ ಗೇಜು.

ಕಾರಿನ ಭಾರ ಹೊರುವುದು ರಬ್ಬರಲ್ಲ, ಒಳಗಿನ ಹವಾ. ಜನರೂ ಸಾಮಾನೂ ಸೇರಿ 1,400 ಕಿಲೋ ತೂಗುವ ಕಾರಿನ ಒಂದೊಂದು ಗಾಲಿಗೆ ಸುಮಾರು 350 ಕಿಲೋ ಬೀಳುತ್ತದೆ. 33 ಪಿಎಸ್‌ಐ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 2.3 ಕಿಲೋ ಒತ್ತಡ. ಲೆಕ್ಕ ಹಾಕಿದರೆ ಟೈರು ನೆಲಕ್ಕೆ ತಾಗುವುದು ಬರೀ 150 ಚದರ ಸೆಂಟಿಮೀಟರಿನಷ್ಟು, ಒಂದು ಅಂಗೈಯಗಲ. ಒತ್ತಡ ಅರ್ಧಕ್ಕೆ ಇಳಿದರೆ ಅದೇ ಭಾರ ಹೊರಲು ಹೆಚ್ಚುಕಡಿಮೆ ಎರಡು ಪಟ್ಟು ಜಾಗ ಬೇಕು. ಆಗ ಟೈರು ಚಪ್ಪಟೆಯಾಗಿ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ. ಒಂದು ಕಿಲೋಮೀಟರಿಗೆ ಗಾಲಿ ಐನೂರಕ್ಕೂ ಹೆಚ್ಚು ಸುತ್ತು ಉರುಳುತ್ತದೆ. ಪ್ರತಿ ಮಡಿಕೆಯಲ್ಲೂ ಒಂದಿಷ್ಟು ಶಕ್ತಿ ಶಾಖವಾಗಿ ರಬ್ಬರಿನೊಳಗೇ ಉಳಿಯುತ್ತದೆ. ಪೂರ್ತಿ ಹವಾ ಹೋದಮೇಲೂ ಓಡಿಸಿದರೆ ಒಳಗೋಡೆ ಅರೆದು ರಬ್ಬರಿನ ಪುಡಿ ಉದುರುತ್ತದೆ. ಸಣ್ಣ ಮುಳ್ಳಿನ ತೂತಿನಿಂದ ಒಂದು ಟೈರು ಮೂಲೆಗೆ ಬೀಳುವುದು ಬಹುಪಾಲು ಹೀಗೇ: ಮುಳ್ಳು ಕೊಲ್ಲಲಿಲ್ಲ, ಆಮೇಲಿನ ಓಟ ಕೊಂದಿತು.

ಇನ್ನು ಇಲ್ಲಿಯ ಮುಳ್ಳಿನ ವಿಚಾರ. ಎರೆ ಹೊಲದ ಬದುಗಳಲ್ಲಿ ಕರಿಜಾಲಿ ಇದೆ, ಬೀಳು ನೆಲದಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಬೇಲಿಗೆಂದು ಕಡಿದು ಸಾಗಿಸಿದ ಟೊಂಗೆಯಿಂದ ಉದುರಿದ ಒಣಮುಳ್ಳು ರಸ್ತೆಯಲ್ಲಿ ಬಿದ್ದಿರುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುವವರು ಇಂದಿಗೂ ಇದ್ದಾರೆ. ಎತ್ತಿನ ಲಾಳದಿಂದ ಕಳಚಿದ ಮೊಳೆಯೂ ದಾರಿಯ ಪಾಲಾಗುತ್ತದೆ. ಇವೆರಡೂ ಮಾಡುವ ತೂತು ಕೆಲವೇ ಮಿಲಿಮೀಟರಿನದು, ಅದೂ ಬಹುತೇಕ ನೆಲ ಮುಟ್ಟುವ ಭಾಗದಲ್ಲಿ. ಹೊಸ ಟೈರಿನ ಗೀರು ಏಳೆಂಟು ಮಿಲಿಮೀಟರ್ ಆಳವಿದ್ದು, ಅದರಡಿ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಮುಳ್ಳಿಗೆ ಅದನ್ನು ದಾಟುವುದು ಕಷ್ಟ. ಗೀರು 1.6 ಮಿಲಿಮೀಟರಿಗೆ ಸವೆದ ಟೈರಿಗೆ ಆ ರಕ್ಷಣೆ ಅಷ್ಟಿಲ್ಲ. ಮುರಿದು ಒಳಗುಳಿದ ಮುಳ್ಳು ತೂತಿಗೆ ತಾನೇ ಬಿರಡೆಯಾಗಿ ಹವಾವನ್ನು ನಿಧಾನಕ್ಕೆ ಬಿಡುತ್ತದೆ, ಕೆಲವೊಮ್ಮೆ ರಾತ್ರಿಯಿಡೀ. ಮುಂಜಾನೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಗೇಜು ಹಚ್ಚಿದರೆ ನಾಲ್ಕರಲ್ಲಿ ಒಂದು ಮಾತ್ರ ಕಡಿಮೆ ತೋರಿಸುತ್ತದೆ. ರೋಗ ಅಲ್ಲೇ ತಿಳಿಯಿತು. ಬಿಸಿಲಲ್ಲಿ ಓಡಿ ಬಿಸಿಯಾದ ಟೈರನ್ನು ಅಳೆದರೆ ಈ ಸುಳಿವು ಮರೆಯಾಗಬಹುದು, ಏಕೆಂದರೆ ಹತ್ತು ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒತ್ತಡ ಒಂದೂವರೆ ಪಿಎಸ್‌ಐಯಷ್ಟು ಏರುತ್ತದೆ. ದಾರಿಯಲ್ಲಿ ಮೊಳೆ ಕಂಡರೆ ಕೀಳಬಾರದು. ಅದು ಕೂತಿರುವವರೆಗೆ ಪಂಪು ಹಚ್ಚಿ, ಮುಂದಿನ ಊರಿನ ಪಂಕ್ಚರ್ ಅಂಗಡಿ ಮುಟ್ಟುವ ಅವಕಾಶ ಉಂಟು.

ಬಾಟಲಿಯ ದ್ರವ ಸಾಮಾನ್ಯವಾಗಿ ರಬ್ಬರಿನ ಹಾಲು. ತೂತಿನಿಂದ ನುಗ್ಗುವ ಹವಾದ ಜೊತೆ ಅದರ ಕಣಗಳು ಅಲ್ಲಿಗೆ ಸೇರಿ ಹೆಪ್ಪುಗಟ್ಟುತ್ತವೆ. ಸುರಿದು ನಿಂತರೆ ದ್ರವ ತಳದಲ್ಲೇ ಕೂಡುತ್ತದೆ, ಆದ್ದರಿಂದ ಹವಾ ತುಂಬಿದ ಕೂಡಲೇ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಮತ್ತೆ ಗೇಜು ಹಚ್ಚಬೇಕು. ಒತ್ತಡ ನಿಲ್ಲದಿದ್ದರೆ ಮುಂದೆ ಹೋಗಬಾರದು. ದ್ರವಕ್ಕೆ ಆಯುಷ್ಯವೂ ಇದೆ. ಬಾಟಲಿಯ ಮೇಲಿನ ದಿನಾಂಕ ದಾಟಿದ್ದರೆ ಅದು ಇದ್ದೂ ಇಲ್ಲದ್ದೇ. ದ್ರವದಿಂದ ಒಳಗೆಲ್ಲ ಅಂಟಾಗಿ ಕೆಲಸ ಹೆಚ್ಚುತ್ತದೆಂದು ಪಂಕ್ಚರ್ ಅಂಗಡಿಯವರು ಬೇಸರಪಡುವುದು ನ್ಯಾಯವೇ. ಕೈಪಳಗಿದವರು ಅಂಟು ರಬ್ಬರಿನ ಎಳೆಯನ್ನು ತೂತಿಗೆ ಚುಚ್ಚಿ ಮುಚ್ಚುವುದು ಅದಕ್ಕಿಂತ ಸ್ವಚ್ಛ. ಅದಕ್ಕೆ ಗಾಲಿ ಬಿಚ್ಚಬೇಕೆಂದೂ ಇಲ್ಲ.

ಅಂಗಡಿಗಳು ಎಲ್ಲೆಲ್ಲೂ ಇರುವಾಗ ಇಷ್ಟು ತಯಾರಿ ಯಾಕೆ ಎನ್ನುವವರಿಗೆ ಉತ್ತರ ಸುಲಭ: ಅಂಗಡಿವರೆಗೆ ಹೋಗುವುದಕ್ಕೇ ಹವಾ ಬೇಕು, ಮತ್ತು ರಾತ್ರಿ ಹತ್ತರ ನಂತರ ಬಹಳಷ್ಟು ಅಂಗಡಿ ತೆರೆದಿರುವುದಿಲ್ಲ. ಬಲವಾದ ಆಕ್ಷೇಪ ಬೇರೆಯದು. ತಗ್ಗಿನ ಅಂಚೋ ಚೂಪು ಕಲ್ಲೋ ಟೈರಿನ ಪಕ್ಕದ ಗೋಡೆಯನ್ನು ಸೀಳಿದರೆ ಗತಿ ಏನು? ಅಲ್ಲಿ ಉಕ್ಕಿನ ಪಟ್ಟಿ ಇಲ್ಲ, ಸದಾ ಬಾಗುವ ಜಾಗವಾದ್ದರಿಂದ ಎಳೆಯೂ ನಿಲ್ಲದು, ದ್ರವವೂ ಹಿಡಿಯದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. 2020ರ ನಿಯಮದ ಮೂರು ಷರತ್ತುಗಳಲ್ಲಿ ಯಾವುದೂ ಈ ಸೀಳಿಗೆ ಮದ್ದಲ್ಲ. ಸರಿಯಾದ ಹವಾ ಇದ್ದ ಟೈರಿನ ಗೋಡೆ ತಗ್ಗಿನ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜುವುದು ಕಡಿಮೆ ಎಂಬಷ್ಟು ಮಟ್ಟಿಗೆ ಗೇಜು ಇಲ್ಲೂ ಕೆಲಸಕ್ಕೆ ಬರುತ್ತದೆ, ಆದರೆ ಅದು ಭರವಸೆಯಲ್ಲ. ಹೆದ್ದಾರಿಯಲ್ಲೇ ಓಡಾಡುವವರು ಕಿಟ್ಟಿನಿಂದ ಸಾಗಿಸಬಹುದು. ರಾಮದುರ್ಗ ಸೀಮೆಯ ತೊರಗಲ್ಲ ಕೋಟೆ, ಗೊಡಚಿಯಂಥ ಕಡೆಯ ಒಳದಾರಿಗಳಲ್ಲಿ ಮಕ್ಕಳು ಮುದುಕರನ್ನು ಕೂರಿಸಿಕೊಂಡು ಪದೇ ಪದೇ ಹೋಗುವ ಕುಟುಂಬಗಳು ಡಿಕ್ಕಿಯ ಜಾಗ ಸ್ವಲ್ಪ ಹೋದರೂ ಸರಿ, ತಮ್ಮ ಗಾಡಿಗೆ ಹೊಂದುವ ಒಂದು ಸ್ಟೆಪ್ನಿ, ಜಾಕು, ಪಾನಾ ಕೊಂಡಿಡುವುದೇ ಒಳ್ಳೆಯದು. ಮತ್ತು ಆ ಐದನೆಯ ಗಾಲಿಗೂ ತಿಂಗಳಿಗೊಮ್ಮೆ ಗೇಜು ಹಚ್ಚಬೇಕು.